ರೆಸ್ಯೂಮ್ ಸೈಟಿಗೆ ರೀಡ್‌ಮಿ ಬರೆದದ್ದು

"ಅಕ್ಕಾ, ನಿನ್ನ ಸೈಟ್ ನನ್ನ ಲ್ಯಾಪ್‌ಟಾಪ್‌ದಾಗ ಬರವಲ್ದು. ಬರೇ ಕೆಂಪು ಅಕ್ಷರ ಬರಾಕತ್ತಾವ ನೋಡು."

ನವೆಂಬರ್ ತಿಂಗಳ ಒಂದು ರಾತ್ರಿ, ಹತ್ತೂವರೆಗೆ ಬಂದ ಫೋನ್ ಅದು. ಮಾತಾಡಿದ್ದು ನನ್ನ ಚಿಕ್ಕಮ್ಮನ ಮಗಳು. ಬಳ್ಳಾರಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾಳೆ. ನಾನು ಕೊಪ್ಪಳದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ವೆಬ್‌ಸೈಟ್ ಕೆಲಸ ಮಾಡುತ್ತೇನೆ. ಎರಡು ವರ್ಷದ ಹಿಂದೆ ಕೆಲಸ ಹುಡುಕುವಾಗ ನನ್ನ ರೆಸ್ಯೂಮ್‌ಗೆ ಅಂತಲೇ ಒಂದು ಸಣ್ಣ ಸೈಟ್ ಮಾಡಿದ್ದೆ. ಅದರ ಸೋರ್ಸ್ ಕೋಡನ್ನು ಗಿಟ್‌ಹಬ್ ಎಂಬ ಕೋಡ್ ಇಡುವ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೆ. ಬೇಕಾದವರು ತಗೊಂಡು ತಮ್ಮ ಹೆಸರು ಹಾಕಿಕೊಳ್ಳಲಿ ಅನ್ನುವುದು ನನ್ನ ಆಸೆ. ತಂಗಿಗೂ ಅದನ್ನೇ ಹೇಳಿದ್ದೆ. "ಕೋಡ್ ಅಲ್ಲೇ ಐತಿ, ತಗೊ. ನಿನ್ನ ಹೆಸರು ಹಾಕು, ಆತು."

ಆಗಲಿಲ್ಲ.

ಸೈಟ್ ಮಾಡಿದ್ದು ಜೆಕಿಲ್‌ನಲ್ಲಿ. ಹೆಸರು, ಓದು, ಕೆಲಸ, ಕಲಿತ ವಿದ್ಯೆ ಎಲ್ಲಾ ಒಂದೇ ಡೇಟಾ ಫೈಲಿನಲ್ಲಿರುತ್ತದೆ. ಪುಟದ ಅಂದಚೆಂದ ಬೇರೆ ಫೈಲುಗಳಲ್ಲಿ. ಜೆಕಿಲ್ ಇವೆರಡನ್ನೂ ಕೂಡಿಸಿ ಪುಟ ಕಟ್ಟುತ್ತದೆ. ಗಿಟ್‌ಹಬ್ ಪೇಜಸ್ ಅದನ್ನು ಪುಕ್ಕಟೆಯಾಗಿ ಜಗತ್ತಿಗೆ ತೋರಿಸುತ್ತದೆ. ಕೆಲಸ ಬದಲಾದರೆ ಡೇಟಾ ಫೈಲಿನಲ್ಲಿ ಒಂದು ಸಾಲು ತಿದ್ದಿದರೆ ಸಾಕು. ನನಗೆ ಇಷ್ಟು ಸಲೀಸಾದದ್ದು ತಂಗಿಯ ಕೈಯಲ್ಲಿ ಮೊದಲ ಹೆಜ್ಜೆಗೇ ನಿಂತಿತ್ತು.

ಆ ರಾತ್ರಿ ಒಂದೂವರೆ ತಾಸು ಫೋನಿನಲ್ಲೇ ಹುಡುಕಿದೆವು. ಕೊನೆಗೆ ಸಿಕ್ಕಿತು. ಜೆಕಿಲ್ ಓಡಲು ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ರೂಬಿ 2.7. ಅವಳು ಹೊಸದಾಗಿ ಹಾಕಿಕೊಂಡದ್ದು 3ನೇ ಸರಣಿಯದು. 2020ರ ಡಿಸೆಂಬರ್‌ನಲ್ಲಿ ಬಂದ ರೂಬಿ 3.0ರಿಂದ ವೆಬ್ರಿಕ್ ಎಂಬ ಸಣ್ಣ ಸರ್ವರ್ ರೂಬಿಯ ಜೊತೆಗೇ ಬರುವುದು ನಿಂತಿದೆ. ಸೈಟನ್ನು ನಮ್ಮ ಮಷೀನಿನಲ್ಲೇ ನೋಡಲು ಜೆಕಿಲ್‌ಗೆ ಆ ವೆಬ್ರಿಕ್ಕೇ ಬೇಕು. "ಬಂಡಲ್ ಆ್ಯಡ್ ವೆಬ್ರಿಕ್" ಅಂತ ಒಂದು ಸಾಲು ಹೊಡೆಸಿದೆ. ಓಡಿತು. "ಬಂತಕ್ಕಾ!" ಅಂತ ಅವಳು ಕೂಗಿದ್ದಕ್ಕೆ ಪಕ್ಕದ ಮಂಚದ ಹುಡುಗಿ ಎದ್ದು ಕೂತಳಂತೆ.

ಫೋನ್ ಇಟ್ಟ ಮೇಲೆ ಒಂದು ಯೋಚನೆ ಕಾಡತೊಡಗಿತು. ತಂಗಿಯ ಹತ್ತಿರ ನನ್ನ ನಂಬರ್ ಇತ್ತು. ಇಲ್ಲದವರು ಏನು ಮಾಡುತ್ತಾರೆ? ಕೆಂಪು ಅಕ್ಷರ ನೋಡಿ ಸುಮ್ನೆ ಬಿಟ್ಟು ಹೋಗುತ್ತಾರೆ, ಅಲ್ವಾ? ಕೋಡ್ ಎಲ್ಲರಿಗೂ ತೆರೆದಿದೆ ಅಂತ ನಾನು ಎರಡು ವರ್ಷದಿಂದ ಹೇಳಿಕೊಂಡು ಬಂದಿದ್ದೆ. ನಿಜಕ್ಕೂ ತೆರೆದದ್ದು ನನಗೆ ಫೋನ್ ಮಾಡಬಲ್ಲವರಿಗೆ ಮಾತ್ರ. ಕೋಡ್ ತಗೊಂಡವರು ಮೊದಲು ಓದಲಿ ಅಂತ ಜೊತೆಗೆ ಇಡುವ ವಿವರಣೆಯ ಫೈಲಿಗೆ ರೀಡ್‌ಮಿ ಅನ್ನುತ್ತಾರೆ. ಆಗ ನನ್ನ ರೀಡ್‌ಮಿ ಫೈಲಿನಲ್ಲಿ ಇದ್ದದ್ದು ಎರಡೇ ಸಾಲು: "ನನ್ನ ರೆಸ್ಯೂಮ್ ಸೈಟ್. ಜೆಕಿಲ್‌ನಲ್ಲಿ ಮಾಡಿದ್ದು."

ಮಾರನೇ ದಿನವೇ ಬರೆಯಲು ಕೂತೆ. ನಾಲ್ಕು ಪುಟ ಆಯಿತು. ಸಂಜೆ ಓದಿ ನೋಡಿದರೆ ಅದರಲ್ಲಿ ಇದ್ದದ್ದೆಲ್ಲಾ ನನ್ನ ವಿಷಯ. ನಾನು ಏನೇನು ಬಳಸಿದೆ, ಯಾಕೆ ಜೆಕಿಲ್ ಆರಿಸಿದೆ, ಬಣ್ಣ ಹೇಗೆ ಹೊಂದಿಸಿದೆ. ಓದುವವರು ಮೊದಲು ಯಾವ ಫೈಲ್ ತೆರೆಯಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಪೂರ್ತಿ ಅಳಿಸಿದೆ. ನೆನಪಿನಿಂದ ಬರೆದರೆ ಹೀಗೇ ಆಗುತ್ತದೆ. ನಮಗೆ ರೂಢಿಯಾದ ಹೆಜ್ಜೆ ನೆನಪಿಗೇ ಬರುವುದಿಲ್ಲ. ಮನೆಯ ಬಾಗಿಲು ತೆಗೆಯುವಾಗ ಚಿಲಕವನ್ನು ಸ್ವಲ್ಪ ಎತ್ತಿ ಎಳೆಯಬೇಕು ಅನ್ನುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ, ಕೈಗೆ ಗೊತ್ತಿರುತ್ತದೆ.

ಅದಕ್ಕೇ ತಮ್ಮನ ಹಳೆಯ ಲ್ಯಾಪ್‌ಟಾಪ್ ತಗೊಂಡೆ. ಅದರಲ್ಲಿ ರೂಬಿ ಇಲ್ಲ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಇಲ್ಲ, ನನ್ನ ಫೈಲು ಒಂದೂ ಇಲ್ಲ. ಮೊದಲಿನಿಂದ ಶುರು ಮಾಡಿದೆ. ಒತ್ತಿದ ಪ್ರತಿ ಗುಂಡಿಯನ್ನೂ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಂಡೆ. ಕಂಪ್ಯೂಟರಿನಲ್ಲೇ ಬರೆದುಕೊಂಡಿದ್ದರೆ ಕೈ ಬೇಗ ಓಡಿ ಹೆಜ್ಜೆ ಹಾರಿಬಿಡುತ್ತಿದ್ದೆ. ಪೆನ್ನು ನಿಧಾನ ಮಾಡಿಸಿತು.

ಸೈಟ್ ಬಂತು, ಆದರೆ ಮುಖ ಬೇರೆ ಇತ್ತು. ನನ್ನ ಕನ್ನಡ ಪುಟದ ಅಕ್ಷರ ನೋಟೋ ಸಾನ್ಸ್ ಕನ್ನಡ. ಆ ಲ್ಯಾಪ್‌ಟಾಪಿನಲ್ಲಿ ಬಂದದ್ದು ವಿಂಡೋಸ್‌ನ ಜೊತೆ ಬರುವ ನಿರ್ಮಲಾ. ಎರಡು ಪುಟಕ್ಕೆ ಸರಿಯಾಗಿ ಕೂರುತ್ತಿದ್ದ ಪ್ರಿಂಟ್ ಮೂರನೇ ಪುಟಕ್ಕೆ ಹೋಗಿ ಮೂರೇ ಸಾಲು ಅಲ್ಲಿ ಬಿದ್ದಿದ್ದವು. ಕಾರಣ ಹುಡುಕಿದೆ. ಯಾವ ಫೈಲುಗಳನ್ನು ಕಳಿಸಬಾರದು ಅಂತ ಹೇಳುವ ಗಿಟ್‌ಇಗ್ನೋರ್ ಪಟ್ಟಿಯಲ್ಲಿ ನಾನೇ ಫಾಂಟ್ ಫೋಲ್ಡರ್ ಸೇರಿಸಿದ್ದೆ. ಅಂದರೆ ಫಾಂಟ್ ಇದ್ದದ್ದು ನನ್ನ ಮಷೀನಿನಲ್ಲಿ ಮಾತ್ರ. ಆ ಫಾಂಟ್ ತಮ್ಮಲ್ಲಿ ಇಲ್ಲದವರಿಗೆಲ್ಲಾ ನನ್ನ ಸೈಟ್ ಎರಡು ವರ್ಷ ಬೇರೆ ಅಕ್ಷರದಲ್ಲೇ ಕಂಡಿದೆ. ಫಾಂಟನ್ನು ಒಳಗೆ ಹಾಕಿದೆ. ನೋಟೋ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಹಂಚುವಾಗ ಲೈಸೆನ್ಸ್ ಪಠ್ಯವನ್ನೂ ಜೊತೆಗೆ ಇಡಬೇಕು. ಅದನ್ನೂ ಇಟ್ಟೆ.

ಪಿಡಿಎಫ್‌ನ ಕಥೆ ಇನ್ನೊಂದು. ಮೊದಲು ನಾನು ಬಳಸಿದ, ಪಿಡಿಎಫ್ ಮಾಡುವ ಒಂದು ಕೋಡ್ ಲೈಬ್ರರಿಗೆ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. "ಕೊಪ್ಪಳ" ಅನ್ನುವುದು "ಕೊಪ್‌ಪಳ" ಆಗಿ ಬರುತ್ತಿತ್ತು. ಸ್ವಂತ ಊರಿನ ಹೆಸರೇ ಮುರಿದು ಬಿದ್ದದ್ದು ನೋಡಿ ಬಹಳ ಬೇಜಾರಾಗಿತ್ತು. ಕನ್ನಡದ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲುವುದಿಲ್ಲ, ಕೂಡಿಸಿ ರೂಪ ಕೊಡುವ ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಹಾರ್ಫ್‌ಬಜ್ ಆ ಕೆಲಸ ಮಾಡುತ್ತದೆ. ಹಾಗಾಗಿ ಲೈಬ್ರರಿ ಬಿಟ್ಟು ಬ್ರೌಸರಿನ ಪ್ರಿಂಟ್‌ನಿಂದಲೇ ಎ4 ಪಿಡಿಎಫ್ ಮಾಡಿಕೊಳ್ಳುತ್ತಿದ್ದೆ. ಇದು ಎಲ್ಲೂ ಬರೆದಿರಲಿಲ್ಲ. ಈಗ ರೀಡ್‌ಮಿಯಲ್ಲಿ "ಯಾಕೆ ಹೀಗೆ" ಅಂತ ಒಂದು ಭಾಗವೇ ಇದೆ, ಅದರ ಮೊದಲ ವಿಷಯ ಇದು.

ಅದೇ ಭಾಗದಲ್ಲಿ ಇನ್ನೊಂದು ಟಿಪ್ಪಣಿ ಹಾಕಿದೆ. ನನ್ನ ಡಿಪ್ಲೊಮಾ ಕಾಗದದಲ್ಲಿ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಹಳೆಯದು. 2014ರ ನವೆಂಬರ್ 1ರಂದು ಸರಕಾರ ಅದನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ಬದಲಿಸಿತು. ಹಾಗಾಗಿ ಸೈಟಿನಲ್ಲಿ ಎರಡೂ ಸ್ಪೆಲ್ಲಿಂಗ್ ಇವೆ. ಒಂದು ಸಲ ಸ್ನೇಹಿತೆಯೊಬ್ಬಳು ತಪ್ಪಾಗಿದೆ ಅಂದುಕೊಂಡು ಪ್ರೀತಿಯಿಂದ ತಿದ್ದಿಕೊಟ್ಟಿದ್ದಳು. ಕಾಗದದಲ್ಲಿ ಇದ್ದಂತೆ ಇರಬೇಕಾದದ್ದು ಯಾವುದು, ಈಗಿನಂತೆ ಬರೆಯಬೇಕಾದದ್ದು ಯಾವುದು ಅಂತ ಈಗ ಎರಡು ಸಾಲಿನಲ್ಲಿ ಇದೆ.

ಇಷ್ಟರವರೆಗಿನ ಕೆಲಸ ಸುಲಭ. ಮುಂದಿನದು ನನ್ನ ನಿದ್ದೆ ಕೆಡಿಸಿತು.

ಪ್ರತಿ ಫೋಲ್ಡರಿನಲ್ಲಿ ಏನಿದೆ ಅಂತ ವಿವರಿಸಬೇಕಾದರೆ ಪ್ರತಿ ಫೋಲ್ಡರನ್ನೂ ತೆರೆದು ನೋಡಬೇಕಲ್ಲ. ನೋಡುತ್ತಾ ಹೋದೆ. ಮೊದಲು ಸಿಕ್ಕಿದ್ದು ನನ್ನ ಫೋಟೊ. ಮೊಬೈಲಿನಲ್ಲಿ ಮನೆಯ ಮಾಳಿಗೆ ಮೇಲೆ ತೆಗೆದದ್ದು, ಹಾಗೇ ಹಾಕಿದ್ದೆ. ಅದರ ವಿವರ ತೆರೆದರೆ ಅಕ್ಷಾಂಶ, ರೇಖಾಂಶ ಎರಡೂ ಕೂತಿದ್ದವು. ಮ್ಯಾಪಿನಲ್ಲಿ ಹಾಕಿದರೆ ನಮ್ಮ ಮಾಳಿಗೆಯ ಮೇಲೇ ಬಂದು ನಿಂತಿತು. ಒಬ್ಬಳು ಹೆಣ್ಣುಮಗಳ ಮನೆ ಎಲ್ಲಿದೆ ಅಂತ ಎರಡು ವರ್ಷ ಯಾರು ಬೇಕಾದರೂ ನೋಡಬಹುದಿತ್ತು.

ಎರಡನೆಯದು ಡೇಟಾ ಫೈಲಿನ ಹಳೆಯ ರೂಪ. ಗಿಟ್‌ನ ಗುಣವೇ ಅದು, ಹಳೆಯದನ್ನು ಮರೆಯುವುದಿಲ್ಲ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಅದನ್ನು ಶುರು ಮಾಡಿದ್ದೇ ಲಿನಕ್ಸ್ ಕರ್ನಲ್‌ನ ಬದಲಾವಣೆಗಳನ್ನೆಲ್ಲಾ ಲೆಕ್ಕ ಇಡಲಿಕ್ಕೆ. ನಾನು ಮೊದಲ ವಾರ ನಮ್ಮ ಕಡೆಯ ಬಯೋಡೇಟಾ ರೂಢಿಯಂತೆ ತಂದೆಯ ಹೆಸರು, ಹುಟ್ಟಿದ ತಾರೀಖು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲಾ ಹಾಕಿದ್ದೆ. ಆಮೇಲೆ ಅಳಿಸಿದ್ದೆ. ಪುಟದಲ್ಲಿ ಅಳಿಸಿತ್ತು ನಿಜ, ಹಿಸ್ಟರಿಯಲ್ಲಿ ಪ್ರತಿ ಅಕ್ಷರವೂ ಹಾಗೇ ಇತ್ತು. ಅದರ ಕೆಳಗೆ "ಪರಿಚಯದವರು" ಅಂತ ನನ್ನ ಮೊದಲ ಕೆಲಸದ ಮೇಲ್ವಿಚಾರಕರ ಹೆಸರು ಮತ್ತು ಅವರ ಸ್ವಂತ ಮೊಬೈಲ್ ನಂಬರ್.

ನನ್ನ ನಂಬರ್ ನನ್ನದು, ಹೋದರೆ ನನ್ನ ತಪ್ಪು. ಅವರ ನಂಬರನ್ನು ಜಗತ್ತಿಗೆ ಕೊಡಲು ನಾನು ಯಾರು? ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಸಂಜೆ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ. ಎರಡು ಕ್ಷಣ ಸುಮ್ಮನಿದ್ದರು. "ಯಾರ್ಯಾರೋ ಲೋನ್ ಬೇಕೇನ್ರಿ ಅಂತ ಫೋನ್ ಮಾಡ್ತಾರಮ್ಮ. ಅದು ಇದರಿಂದಾನೇ ಅಂತ ಹೇಳಾಕ ಬರಂಗಿಲ್ಲ. ನೀ ಈಗ ತೆಗೆದು ಹಾಕು, ಅಷ್ಟ ಸಾಕು" ಅಂದರು. ಬೈದಿದ್ದರೆ ಮನಸ್ಸು ಹಗುರ ಆಗುತ್ತಿತ್ತೇನೋ.

ತೆಗೆಯುವುದು ಒಂದು ಗುಂಡಿಯ ಕೆಲಸ ಅಲ್ಲ. ಮೊದಲು ಪೂರ್ತಿ ಒಂದು ನಕಲು ಬೇರೆ ಕಡೆ ಇಟ್ಟುಕೊಂಡೆ. ಆಮೇಲೆ ಗಿಟ್ ಫಿಲ್ಟರ್ ರೆಪೊ ಎಂಬ ಸಾಧನದಿಂದ ಹಿಸ್ಟರಿಯನ್ನೇ ಹೊಸದಾಗಿ ಬರೆಸಿದೆ. ಆ ನಂಬರ್, ವಿಳಾಸ, ಫೋಟೊ ಇದ್ದ ಎಲ್ಲಾ ಕಮಿಟ್‌ಗಳೂ, ಅಂದರೆ ಗಿಟ್ ದಾಖಲಿಸಿಟ್ಟ ಬದಲಾವಣೆಗಳೂ, ಬದಲಾದವು. ಗಿಟ್‌ಹಬ್‌ಗೆ ಬಲವಂತವಾಗಿ ಮತ್ತೆ ಕಳಿಸಿದೆ. ಇಷ್ಟಕ್ಕೂ ಮುಗಿಯುವುದಿಲ್ಲ. ಹಳೆಯ ಕಮಿಟ್‌ನ ಕೊಂಡಿ ನೇರವಾಗಿ ಗೊತ್ತಿದ್ದವರಿಗೆ ಅದು ಇನ್ನೂ ಕಾಣಬಹುದು. ಆ ಉಳಿಕೆಯನ್ನು ತೆಗೆಯಿರಿ ಅಂತ ಗಿಟ್‌ಹಬ್‌ನ ಸಹಾಯ ವಿಭಾಗಕ್ಕೆ ಬರೆದೆ. ಯಾರಾದರೂ ಫೋರ್ಕ್ ಮಾಡಿಕೊಂಡಿದ್ದರೆ, ಅಂದರೆ ತಮ್ಮ ಖಾತೆಗೆ ನಕಲು ಮಾಡಿಕೊಂಡಿದ್ದರೆ, ಅವರ ನಕಲಿನಲ್ಲಿ ಹಳೆಯದು ಉಳಿದೇ ಇರುತ್ತದೆ. ನನ್ನದಕ್ಕೆ ಒಂದು ಫೋರ್ಕ್ ಇತ್ತು. ಗುರುತಿಲ್ಲದವರು. ಕಾರಣ ಹೇಳಿ ಬರೆದೆ, ಅವರು ಎರಡನೇ ದಿನ ಅಳಿಸಿ ತಿಳಿಸಿದರು. ಕಮಿಟ್‌ಗಳಲ್ಲಿ ನನ್ನ ಸ್ವಂತ ಇಮೇಲ್ ಕೂಡ ಇತ್ತು. ಇಮೇಲ್ ಗುಟ್ಟಾಗಿಡುವ ಸೆಟ್ಟಿಂಗ್ ಆನ್ ಮಾಡಿದರೆ ಗಿಟ್‌ಹಬ್ ಬೇರೆ ವಿಳಾಸ ಕೊಡುತ್ತದೆ. ಈಗ ಅದನ್ನೇ ಬಳಸುತ್ತೇನೆ.

ರೀಡ್‌ಮಿಯಲ್ಲಿ ಇದಕ್ಕೆ ಜಾಗ ಎಲ್ಲಿ ಕೊಡಬೇಕು ಅಂತ ಬಹಳ ಯೋಚಿಸಿದೆ. ಇಂಥ ಎಚ್ಚರಿಕೆ ಸಾಮಾನ್ಯವಾಗಿ ಕೊನೆಗೆ ಇರುತ್ತದೆ. ನಾನು ಹೆಸರು ಬದಲಿಸುವ ಹೆಜ್ಜೆಗಿಂತ ಮುಂಚೆ ಇಟ್ಟೆ. ಹಾಕಿದ ಮೇಲೆ ಓದಿದರೆ ಏನು ಪ್ರಯೋಜನ?

ಡಿಸೆಂಬರ್ ಪೂರ್ತಿ ಸಂಜೆ ಒಂದೊಂದು ತಾಸು ಬರೆದೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ತಂಗಿ ಬಂದಳು. ಬಳ್ಳಾರಿಯಿಂದ ರೈಲು ಹತ್ತಿದರೆ ಹೊಸಪೇಟೆ ದಾಟಿ ಕೊಪ್ಪಳ. ಜಾತ್ರೆಯ ಸಮಯದಲ್ಲಿ ಊರಿನ ರೂಪವೇ ಬೇರೆ. ಸುತ್ತಲ ಹಳ್ಳಿಗಳಿಂದ ದಾಸೋಹಕ್ಕೆ ರೊಟ್ಟಿ ಹೊತ್ತು ತರುವ ಗಾಡಿಗಳು ನಮ್ಮ ರಸ್ತೆಯಲ್ಲೇ ಹೋಗುತ್ತವೆ. ಎರಡನೇ ದಿನ ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಅವಳ ಲ್ಯಾಪ್‌ಟಾಪ್ ತೆರೆಸಿದೆ. ಹಳೆಯದನ್ನೆಲ್ಲಾ ಅಳಿಸಿ, ನನ್ನ ಹೊಸ ರೀಡ್‌ಮಿ ಮಾತ್ರ ನೋಡಿ ಮಾಡು ಅಂದೆ. ನಾನು ಬಾಯಿ ಬಿಡುವುದಿಲ್ಲ ಅಂತ ಮೊದಲೇ ಹೇಳಿದೆ.

ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ! ಅವಳು ತಪ್ಪು ಫೋಲ್ಡರಿನಲ್ಲಿ ಕಮಾಂಡ್ ಹೊಡೆಯುತ್ತಾಳೆ, ನನ್ನ ಕೈ ತುರಿಸುತ್ತದೆ. ಆದರೆ ಒಂದು ಸಲ ಬಾಯಿ ಬಿಟ್ಟರೆ ರೀಡ್‌ಮಿಯಲ್ಲಿ ಇರಬೇಕಾದ ಒಂದು ಸಾಲು ಗಾಳಿಗೆ ಹೋಗುತ್ತದೆ. ಅವಳು ನಿಂತ ಕಡೆಯೆಲ್ಲಾ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ಹನ್ನೊಂದು ಗುರುತಾದವು.

ಕೆಲವು ನಾನು ಕನಸಿನಲ್ಲೂ ಎಣಿಸದವು. ಡೇಟಾ ಫೈಲಿನಲ್ಲಿ ಅವಳು ತನ್ನ ಅಂಕ 85.60 ಅಂತ ಹಾಕಿದಳು. ಪುಟದಲ್ಲಿ 85.6 ಅಂತ ಬಂತು. ಆ ಫೈಲಿನ ಯಾಮಲ್ ರೂಪದಲ್ಲಿ ಅದು ಬರೀ ಸಂಖ್ಯೆ. ಕೊನೆಯ ಸೊನ್ನೆಗೆ ಅಲ್ಲಿ ಬೆಲೆ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಇದ್ದಂತೆ ಬರಬೇಕಾದರೆ ಉದ್ಧರಣ ಚಿಹ್ನೆಯೊಳಗೆ ಇಡಬೇಕು. "ಪ್ರಾಜೆಕ್ಟ್: ಹನಿ ನೀರಾವರಿ ಲೆಕ್ಕ" ಅಂತ ಒಂದು ಸಾಲು ಬರೆದಳು, ಸೈಟೇ ನಿಂತು ಹೋಯಿತು. ಎರಡು ಚುಕ್ಕೆ ಮತ್ತು ಜಾಗ ಬಂದರೆ ಯಾಮಲ್ ಅದನ್ನು ಹೊಸ ಶೀರ್ಷಿಕೆ ಅಂದುಕೊಳ್ಳುತ್ತದೆ. ಅದಕ್ಕೂ ಉದ್ಧರಣ ಚಿಹ್ನೆಯೇ ಮದ್ದು. ತಂದೆಯ ಕಾಲದ ಒಂದು ವರ್ಡ್ ಫೈಲಿನಿಂದ ಕನ್ನಡ ವಿಳಾಸ ತಂದು ಅಂಟಿಸಿದಳು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದವು. ಅದು ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಆಮೇಲೆ ವಿಳಾಸವೇ ಬೇಡ ಅನ್ನುವ ಭಾಗ ಓದಿ ಅವಳೇ ಅಳಿಸಿದಳು. ಆದರೂ ಆ ಸಾಲು ರೀಡ್‌ಮಿಯಲ್ಲಿ ಉಳಿಯಿತು. ನಮ್ಮ ಕಡೆ ಹಳೆಯ ಫೈಲುಗಳು ಜಾಸ್ತಿ.

ಗಿಟ್‌ಹಬ್‌ಗೆ ಹಾಕಿದ ಮೇಲೆ ಇನ್ನೊಂದು. ಅವಳು ರೆಪೊಸಿಟರಿಗೆ, ಅಂದರೆ ಗಿಟ್‌ಹಬ್‌ನಲ್ಲಿ ಕೋಡ್ ಇರುವ ಜಾಗಕ್ಕೆ, "ರೆಸ್ಯೂಮ್" ಅಂತ ಹೆಸರಿಟ್ಟಳು. ಪುಟ ಬಂತು, ಬಣ್ಣ ಇಲ್ಲ, ಅಲಂಕಾರ ಇಲ್ಲ, ಬಿಳಿ ಹಾಳೆಯ ಮೇಲೆ ನೀಲಿ ಕೊಂಡಿಗಳು. ನನ್ನದು ಬಳಕೆದಾರರ ಹೆಸರಿನ ಮೇಲೆಯೇ ಇರುವ ಮುಖ್ಯ ಸೈಟ್. ಅವಳದ್ದು ಅವಳ ಹೆಸರಿನ ಸೈಟಿನೊಳಗಿನ ಒಂದು ಉಪಪುಟ ಆಯಿತು. ಅಂಥ ಕಡೆ ಕಾನ್ಫಿಗ್ ಫೈಲಿನ ಬೇಸ್‌ಯುಆರ್‌ಎಲ್ ಎಂಬಲ್ಲಿ ಆ ಹೆಸರು ಬರೆಯಬೇಕು, ಇಲ್ಲದಿದ್ದರೆ ಬಣ್ಣ, ಅಲಂಕಾರ ಇರುವ ಸಿಎಸ್‌ಎಸ್ ಫೈಲ್ ಸಿಗುವುದಿಲ್ಲ. ಅವಳ ಮುಖ ಬಾಡಿತು. "ನಂದ ಏನರ ತಪ್ಪಾತೇನ ಅಕ್ಕಾ?" ಅಂದಳು. ಆಗ ನಾನು ಮಾತಾಡಲೇಬೇಕಾಯಿತು. "ನಿಂದಲ್ಲ ತಂಗಿ, ಬರೀದೆ ಇದ್ದದ್ದು ನಾನು."

ಮಧ್ಯದಲ್ಲಿ ಅವಳು ಮಾರ್ಕ್ಸ್ ಕಾರ್ಡ್ ಸ್ಕ್ಯಾನನ್ನೂ, 371ಜೆ ಪ್ರಮಾಣಪತ್ರದ ಸ್ಕ್ಯಾನನ್ನೂ ಒಂದು ಫೋಲ್ಡರಿನಲ್ಲಿ ಹಾಕಲು ಹೊರಟಿದ್ದಳು. ಕಲ್ಯಾಣ ಕರ್ನಾಟಕದವರಿಗೆ ಸರಕಾರಿ ಕೆಲಸದಲ್ಲಿ ಮೀಸಲಾತಿಗೆ ಬೇಕಾಗುವ ಆ ಪತ್ರವನ್ನು ನಾವು ಎಲ್ಲಾ ಅರ್ಜಿಗೂ ಲಗತ್ತಿಸಿ ರೂಢಿ. ಇಲ್ಲೂ ಬಾಯಿ ಬಿಡದೆ ಇರಲಾಗಲಿಲ್ಲ. ಅದು ಅರ್ಜಿಯ ಜೊತೆ ಹೋಗಬೇಕಾದ ಕಾಗದ, ಬೀದಿಯಲ್ಲಿ ಅಂಟಿಸುವಂಥದ್ದಲ್ಲ. ಪ್ರಮಾಣಪತ್ರ, ಅದರ ಮೇಲಿನ ನಂಬರ್, ಸಹಿ ಇರುವ ಯಾವ ಸ್ಕ್ಯಾನೂ ಬೇಡ ಅಂತ ಎಚ್ಚರಿಕೆ ಭಾಗಕ್ಕೆ ಆಗಲೇ ಸೇರಿಸಿದೆ.

ಸಂಜೆ ಜಾತ್ರೆಗೆ ಹೋದಾಗ ಗವಿಮಠದ ಗುಡ್ಡದ ಅಶೋಕನ ಶಾಸನದ ಮಾತು ಬಂತು. ಕೊಪ್ಪಳದಲ್ಲಿ ಒಂದೇ ಶಾಸನ ಎರಡು ಕಡೆ ಇದೆ, ಗವಿಮಠದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಪಾಲ್ಕಿಗುಂಡಿನದು ಬಹಳ ಸವೆದಿದೆ. ಗವಿಮಠದ ಪಠ್ಯ ಚೆನ್ನಾಗಿ ಉಳಿದದ್ದರಿಂದ ಅಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ. ತಂಗಿ ಥಟ್ಟನೆ "ಹಂಗಾದ್ರ ಇದು ಬ್ಯಾಕಪ್" ಅಂದಳು. ಫೋರ್ಕ್, ಕ್ಲೋನ್ ಅಂದರೇನು ಅಂತ ಮಧ್ಯಾಹ್ನ ಅವಳಿಗೆ ವಿವರಿಸಲು ಹೆಣಗಿದ್ದೆ. ಅವಳೇ ಹೇಳಿಬಿಟ್ಟಳು.

ಫೋರ್ಕ್ ಅಂದದ್ದಕ್ಕೆ ಹೇಳುತ್ತೇನೆ. ರೀಡ್‌ಮಿಯನ್ನು ನಾನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಬರೆದೆ. ಕನ್ನಡದ್ದಕ್ಕೆ ಮೊದಲು ಎಲ್ಲಾ ಪದಕ್ಕೂ ಕನ್ನಡ ಹುಡುಕಿದ್ದೆ, ಫೋರ್ಕ್‌ಗೆ "ಕವಲು" ಅಂತ. ತಂಗಿ ಆ ಸಾಲಿನ ಮುಂದೆ ಬಹಳ ಹೊತ್ತು ನಿಂತಳು. ಪರದೆಯ ಮೇಲೆ ಇರುವ ಗುಂಡಿಯಲ್ಲಿ ಫೋರ್ಕ್ ಅಂತ ಇದೆ, ಅವಳು ಕವಲು ಎಲ್ಲಿ ಹುಡುಕಬೇಕು? ಗುಂಡಿಯ ಮೇಲಿನ ಹೆಸರನ್ನು ಹಾಗೇ ಬಿಟ್ಟೆ. ಸುತ್ತಲಿನ ಮಾತನ್ನು ನಮ್ಮ ಮಾತಿನಲ್ಲಿ ಬರೆದೆ. ಟರ್ಮಿನಲ್ ಅನ್ನುವ ಕಡೆ ಅವಳು ಬಳಸಿದ ಮಾತನ್ನೇ ಸೇರಿಸಿದೆ: ಕರಿ ಪರದೆ.

ಒಂದು ಪದ ಮಾತ್ರ ಕನ್ನಡದಲ್ಲೇ ಚೆನ್ನಾಗಿ ಕೂತಿತು. ಗಿಟ್‌ಹಬ್‌ನಲ್ಲಿ ನಮ್ಮ ರೆಪೊಸಿಟರಿಯನ್ನು ಟೆಂಪ್ಲೇಟ್ ಅಂತ ಗುರುತು ಮಾಡಬಹುದು. ಆಗ ಬೇರೆಯವರು ಅದರಿಂದ ಹೊಸದು ಮಾಡಿಕೊಂಡರೆ ಫೈಲುಗಳು ಮಾತ್ರ ಬರುತ್ತವೆ, ನನ್ನ ಹಿಸ್ಟರಿ ಬರುವುದಿಲ್ಲ. ಫೋರ್ಕ್ ಮಾಡಿದರೆ ಹಿಸ್ಟರಿಯೂ ಬರುತ್ತದೆ. ಇದನ್ನು ಹೇಗೆ ಹೇಳುವುದು ಅಂತ ಕೂತಿದ್ದಾಗ ಚಿಕ್ಕಮ್ಮನ ನೆನಪಾಯಿತು. ಗೌರಿ ಹುಣ್ಣಿಮೆಗೆ ಅವರು ಮರದ ಅಚ್ಚಿನಲ್ಲಿ ಸಕ್ಕರೆ ಗೊಂಬೆ ಮಾಡುತ್ತಾರೆ. ಅಚ್ಚು ಒಂದೇ. ಹೋದ ವರ್ಷದ ಸಕ್ಕರೆ ಈ ವರ್ಷದ ಗೊಂಬೆಗೆ ಬರುವುದಿಲ್ಲ. "ಟೆಂಪ್ಲೇಟ್ ಅಂದರೆ ಸಕ್ಕರೆ ಗೊಂಬೆಯ ಅಚ್ಚು" ಅಂತ ಬರೆದೆ. ತಂಗಿ ಓದಿ ಮುಂದೆ ಹೋದಳು, ನಿಲ್ಲಲಿಲ್ಲ.

"ಎಲ್ಲಾರಿಗೂ ಕಾಣೋ ಹಂಗ ಐತಲ್ಲ, ತಗೊಂಡ್ರ ಏನಾತು? ಲೈಸೆನ್ಸ್ ಯಾಕ ಬೇಕು?" ಅಂತ ಅವಳು ಕೇಳಿದ್ದು ಒಳ್ಳೆಯ ಪ್ರಶ್ನೆ. ಕಾಣುವುದು ಬೇರೆ, ಬಳಸುವ ಹಕ್ಕು ಬೇರೆ. ಲೈಸೆನ್ಸ್ ಇಲ್ಲದಿದ್ದರೆ ಕಾನೂನಿನಂತೆ ಎಲ್ಲಾ ಹಕ್ಕೂ ಬರೆದವರದೇ. ನಾನು ಬಾಯಲ್ಲಿ ತಗೊಳ್ಳಿ ಅಂದರೂ ಕಾಗದದಲ್ಲಿ ಕೊಟ್ಟಿರಲಿಲ್ಲ. ಕೋಡಿಗೆ ಎಂಐಟಿ ಲೈಸೆನ್ಸ್ ಹಾಕಿದೆ. ಬಳಸಿ, ಬದಲಿಸಿ, ಆ ಲೈಸೆನ್ಸ್ ಸಾಲುಗಳನ್ನು ಮಾತ್ರ ಉಳಿಸಿ, ಅಷ್ಟೇ ಅದರ ಕೇಳಿಕೆ. ನನ್ನ ಫೋಟೊ ಮತ್ತು ನನ್ನ ಬಗ್ಗೆ ಬರೆದ ಮಾತುಗಳಿಗೆ ಅದು ಅನ್ವಯಿಸುವುದಿಲ್ಲ ಅಂತ ಪ್ರತ್ಯೇಕವಾಗಿ ಬರೆದೆ. ನನ್ನ ಡೇಟಾ ಫೈಲನ್ನು ತೆಗೆದು ಒಂದು ಮಾದರಿ ಫೈಲ್ ಇಟ್ಟೆ. ಸ್ವಂತ ಡೊಮೇನ್ ಹೆಸರು ಹಾಕುವ ಸಿನೇಮ್ ಫೈಲ್ ಮತ್ತು ನೋಡುಗರನ್ನು ಎಣಿಸುವ ಕೋಡ್, ಇವೆರಡನ್ನು ಮೊದಲು ಅಳಿಸಿ ಅಂತಲೂ ಹೇಳಿದೆ. ಯಾಕೆಂದರೆ ಯಾರೋ ಹಾಗೇ ನಕಲು ಮಾಡಿಕೊಂಡಾಗ ಅವರ ಪುಟದ ಭೇಟಿಗಳು ನನ್ನ ಲೆಕ್ಕಕ್ಕೆ ಬಂದು ಬೀಳುತ್ತಿದ್ದವು.

ಫೆಬ್ರವರಿಗೆ ರೀಡ್‌ಮಿ ಮುಗಿಯಿತು ಅಂದುಕೊಂಡೆ. ತಮ್ಮನ ಲ್ಯಾಪ್‌ಟಾಪನ್ನು ಮತ್ತೆ ಖಾಲಿ ಮಾಡಿ ಓಡಿಸಿದೆ, ಎಲ್ಲೂ ನಿಲ್ಲಲಿಲ್ಲ. ತಂಗಿಗೆ ಹೇಳಿದೆ, ನನ್ನ ಮುಖ ನೋಡದವರು ಯಾರಾದರೂ ಇದ್ದರೆ ಕೊಡು, ಏನೂ ಹೇಳಬೇಡ ಅಂತ. ಅವಳು ಕೊಟ್ಟದ್ದು ಅದೇ ಪಕ್ಕದ ಮಂಚದ ಹುಡುಗಿಗೆ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯವಳು. ನಾನು ಮಾತಾಡಿಯೇ ಇರಲಿಲ್ಲ.

ಮೂರು ದಿನ ಸುದ್ದಿ ಇಲ್ಲ. ನಾಲ್ಕನೇ ದಿನ ನಾನೇ ಕೇಳಿಸಿದೆ. ಅವಳೇ ಫೋನ್ ತಗೊಂಡಳು. ಬಹಳ ಸಂಕೋಚದಿಂದ ಮಾತಾಡಿದಳು.

"ಅಕ್ಕಾರ, ನೀವು ಬರ್ದಿದ್ದು ಎಲ್ಲಾ ತಿಳಿತ್ರಿ. ಆದ್ರ ನನ್ನ ಹಂತ್ಯಾಕ ಲ್ಯಾಪ್‌ಟಾಪ್ ಇಲ್ರಿ. ಕಾಲೇಜಿನ ಲ್ಯಾಬ್‌ನ್ಯಾಗ ಏನೂ ಇನ್‌ಸ್ಟಾಲ್ ಮಾಡಾಕ ಬಿಡಂಗಿಲ್ರಿ. ಮೊಬೈಲ್ ಅಷ್ಟ ಐತ್ರಿ."

ನಾನು ಕೂತಲ್ಲೇ ಕೂತೆ. ಮೂರು ತಿಂಗಳು ಬರೆದದ್ದರಲ್ಲಿ ಮೊದಲ ಸಾಲೇ "ನಿಮ್ಮ ಲ್ಯಾಪ್‌ಟಾಪಿನಲ್ಲಿ" ಅಂತ ಶುರುವಾಗುತ್ತಿತ್ತು.

ನಿಜ ಹೇಳಬೇಕೆಂದರೆ ಅವಳಿಗೆ ರೂಬಿಯೂ ಬೇಡ, ವೆಬ್ರಿಕ್ಕೂ ಬೇಡ. ಜೆಕಿಲ್ ಸೈಟನ್ನು ಗಿಟ್‌ಹಬ್ ಪೇಜಸ್ ತನ್ನ ಮಷೀನಿನಲ್ಲೇ ಕಟ್ಟುತ್ತದೆ. ನಮ್ಮ ಮಷೀನಿನಲ್ಲಿ ಓಡಿಸುವುದು ಹಾಕುವ ಮುಂಚೆ ನೋಡಿಕೊಳ್ಳಲಿಕ್ಕೆ ಮಾತ್ರ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಾನು ಕೆಲಸ ಮಾಡುವ ರೀತಿಯೇ ಎಲ್ಲರ ರೀತಿ ಅಂದುಕೊಂಡು ಅದನ್ನು ಬರೆಯಲೇ ಇಲ್ಲ.

ಆ ಸಂಜೆ ನನ್ನ ಲ್ಯಾಪ್‌ಟಾಪ್ ಮುಚ್ಚಿಟ್ಟು ಮೊಬೈಲ್ ಹಿಡಿದು ಕೂತೆ. ಹೊಸ ಖಾತೆ ತೆರೆದೆ. ಅಚ್ಚಿನ, ಅಂದರೆ ಟೆಂಪ್ಲೇಟಿನ ಗುಂಡಿ ಸಣ್ಣ ಪರದೆಯಲ್ಲಿ ನನಗೆ ಸಿಗಲಿಲ್ಲ, ಬ್ರೌಸರಿನ ಮೆನುವಿನಲ್ಲಿ ಡೆಸ್ಕ್‌ಟಾಪ್ ಸೈಟ್ ಅಂತ ಆರಿಸಿದ ಮೇಲೆ ಸಿಕ್ಕಿತು. ಅದನ್ನು ಬರೆದುಕೊಂಡೆ. ರೆಪೊಸಿಟರಿಗೆ ಯಾವ ಹೆಸರಿಡಬೇಕು, ಸೆಟ್ಟಿಂಗ್ಸ್‌ನಲ್ಲಿ ಪೇಜಸ್ ಎಂಬಲ್ಲಿ ಯಾವ ಬ್ರಾಂಚ್ ಆರಿಸಬೇಕು, ಡೇಟಾ ಫೈಲ್ ತೆರೆದು ಪೆನ್ಸಿಲ್ ಗುರುತು ಒತ್ತಿ ಹೇಗೆ ತಿದ್ದಬೇಕು, ಎಲ್ಲಾ ಬರೆದುಕೊಂಡೆ. ಮೊಬೈಲಿನಲ್ಲಿ ಸಾಲಿನ ಮುಂದಿನ ಜಾಗ ಎಣಿಸುವುದು ಕಷ್ಟ. ಯಾಮಲ್‌ಗೆ ಆ ಜಾಗ ಸರಿ ಇರಲೇಬೇಕು. ಅದಕ್ಕೆ ಮಾದರಿ ಫೈಲಿನಲ್ಲಿ ಪ್ರತಿ ಸಾಲನ್ನೂ ಮೊದಲೇ ಸರಿಯಾಗಿ ಜೋಡಿಸಿ, ಅಂಕ ಮತ್ತು ಹೆಸರುಗಳಿಗೆ ಉದ್ಧರಣ ಚಿಹ್ನೆಯನ್ನೂ ಹಾಕಿಟ್ಟೆ. ಚಿಹ್ನೆಯ ಒಳಗಿನದು ಮಾತ್ರ ಬದಲಿಸಿದರೆ ಸಾಕು. ಆ್ಯಕ್ಷನ್ಸ್ ಎಂಬ ಕಡೆ ಹಸಿರು ಗುರುತು ಬಂದರೆ ಪುಟ ತಯಾರು, ಕೆಂಪು ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ ಅಂತಲೂ ಬರೆದೆ.

ಈ ಭಾಗವನ್ನು ರೀಡ್‌ಮಿಯ ಮೊದಲಿಗೆ, ಎಚ್ಚರಿಕೆಯ ಕೆಳಗೆ ಇಟ್ಟೆ. "ಮೊಬೈಲ್ ಮಾತ್ರ ಇದ್ದರೆ" ಅಂತ ಶೀರ್ಷಿಕೆ ಕೊಟ್ಟಿದ್ದೆ. ಆಮೇಲೆ ಆ "ಮಾತ್ರ" ತೆಗೆದೆ. ಲ್ಯಾಪ್‌ಟಾಪಿನ ಭಾಗ, ಅಂದರೆ ನಾನು ಮೂರು ತಿಂಗಳು ಬರೆದದ್ದೆಲ್ಲಾ, ಎರಡನೆಯದಾಗಿ ಕೆಳಗೆ ಹೋಯಿತು.

ರಾತ್ರಿ ಕೊಂಡಿ ಕಳಿಸಿದೆ. ಮಾರನೇ ದಿನ ಮಧ್ಯಾಹ್ನ ಅವಳ ಸ್ವಂತ ಪುಟದ ವಿಳಾಸ ಬಂತು. ತೆರೆದೆ. ಹೆಸರು, ಓದು, ಒಂದು ಪ್ರಾಜೆಕ್ಟ್, ಕನ್ನಡ ಪುಟವೂ ಇತ್ತು. ಫೋನ್ ನಂಬರ್ ಇರಲಿಲ್ಲ, ವಿಳಾಸ ಇರಲಿಲ್ಲ. ಅಂಕದ ಕೊನೆಯ ಸೊನ್ನೆ ಇದ್ದ ಜಾಗದಲ್ಲೇ ಇತ್ತು. ಅದರ ಹಿಂದೆಯೇ ನನ್ನ ರೆಪೊಸಿಟರಿಗೆ ಒಂದು ಪುಲ್ ರಿಕ್ವೆಸ್ಟ್, ಅಂದರೆ ಈ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಬಂದಿತ್ತು, ಅವಳದೇ. ಕನ್ನಡ ರೀಡ್‌ಮಿಯಲ್ಲಿ ಪೆನ್ಸಿಲ್ ಗುರುತು ಬಲಗಡೆ ಮೇಲೆ ಇದೆ ಅಂತ ನಾನು ಬರೆದಿದ್ದೆ. ಅವಳ ಮೊಬೈಲಿನಲ್ಲಿ ಅದು ಮೂರು ಚುಕ್ಕೆಯ ಮೆನುವಿನ ಒಳಗೆ ಇತ್ತಂತೆ. ಆ ಒಂದು ಸಾಲು ಸೇರಿಸಿದ್ದಳು. ಒಪ್ಪಿಕೊಂಡೆ.